ತಿರುಗಿ ಬರುವ ಚೀಟಿ

"ಕಡವೆ ಥರಾನಾ?" ಅಂತ ಅಮ್ಮ ಕೇಳಿದರು, ಅಲಾಸ್ಕಾದಲ್ಲಿ ಕ್ಯಾರಿಬೂ ಬೇಟೆಗೆ ಹೋಗುತ್ತೇನೆ ಅಂದಾಗ.

ಕಡವೆಗಿಂತ ಚಿಕ್ಕದು, ಕಾಲು ಗಿಡ್ಡ, ಕೊಂಬು ಮಾತ್ರ ಮೈಗೆ ಮೀರಿದ್ದು, ಹೆಣ್ಣಿಗೂ ಕೊಂಬು ಇರುತ್ತದೆ ಅಂತ ಫೋನಿನಲ್ಲೇ ವಿವರಿಸಿದೆ. ಹೆಣ್ಣಿಗೂ ಕೊಂಬು ಅನ್ನುವುದನ್ನು ಅಮ್ಮ ನಂಬಲಿಲ್ಲ. ಕನ್ನಡದಲ್ಲಿ ಅದಕ್ಕೆ ಹಿಮಸಾರಂಗ ಅಂತಾರೆ ಅಂದೆ. ಆ ಪದವನ್ನು ಎರಡು ಸಲ ಹೇಳಿ ನೋಡಿ, "ಯಾವುದೋ ರಾಗದ ಹೆಸರು ಇದ್ದ ಹಾಗಿದೆ" ಅಂದರು. ಆಮೇಲೆ ಅಸಲು ಪ್ರಶ್ನೆ ಬಂತು. "ಅಷ್ಟು ಚಳಿಲಿ ಹೋಗಿ ಅದನ್ನ ಹೊಡೀಬೇಕಾ? ಅಲ್ಲಿ ಅಂಗಡಿಲಿ ಮಾಂಸ ಸಿಗಲ್ವಾ?"

ಸಿಗುತ್ತದೆ. ಎಲ್ಲೋ ದಕ್ಷಿಣದಿಂದ ಹಡಗು, ಲಾರಿ ಹತ್ತಿ ಬಂದದ್ದು ಬೇಕಾದಷ್ಟು ಸಿಗುತ್ತದೆ. ಆದರೆ ಅಲಾಸ್ಕಾದಲ್ಲಿ ಕಾಡಿನ ಕ್ಯಾರಿಬೂ ಮಾಂಸವನ್ನು ಮಾರುವ ಹಾಗಿಲ್ಲ. ಅದು ಕಾನೂನು. ಅಂಗಡಿಯಲ್ಲಿ ಕಾಣುವ ರೇನ್‌ಡಿಯರ್ ಸಾಸೇಜ್ ಇದೇ ಜಾತಿಯ ಸಾಕಿದ ಪ್ರಾಣಿಯದ್ದು. ಕ್ಯಾರಿಬೂ ಬೇಕು ಅಂದರೆ ನೀವೇ ಹೋಗಿ ತರಬೇಕು, ಇಲ್ಲವೇ ಯಾರಾದರೂ ಪ್ರೀತಿಯಿಂದ ಕೊಡಬೇಕು. ಇಲ್ಲಿಯ ಫೇರ್‌ಬ್ಯಾಂಕ್ಸ್ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ನಮಗೆ ಪಕ್ಕದ ಮನೆಯವರು ಕೊಟ್ಟಿದ್ದರು. ಬಿಳಿ ಕಾಗದದಲ್ಲಿ ಸುತ್ತಿದ ಎರಡು ಕಿಲೋ ತುಂಡು. ಹೆಂಡತಿ ಅದಕ್ಕೆ ಊರಿನ ಹಾಗೆ ಕೊತ್ತಂಬರಿ, ಮೆಣಸು, ಕಾಯಿ ಹುರಿದು ಅರೆದು ಸಾರು ಮಾಡಿ, ಅಕ್ಕಿ ರೊಟ್ಟಿ ತಟ್ಟಿದಳು. ಮಾಂಸದಲ್ಲಿ ಕೊಬ್ಬು ಅನ್ನುವುದೇ ಇರಲಿಲ್ಲ. ಮೇಲೆ ತುಪ್ಪ ಹಾಕಿಕೊಂಡು ತಿಂದೆವು. ಒಂದು ಡಬ್ಬಿ ಪಕ್ಕದ ಮನೆಗೂ ಹೋಯಿತು. ಮಾರನೆ ದಿನ ಆತ ಖಾಲಿ ಡಬ್ಬಿ ಹಿಡಿದು ಬಾಗಿಲಿಗೆ ಬಂದು, "ನೀನು ಬೇಟೆಗೆ ಬರ್ತೀಯಾ?" ಅಂತ ಕೇಳಿದ. ಸಾರಿನ ಆಸೆಗೆ ಕರೆದದ್ದು ಅಂತ ನನಗೆ ಈಗಲೂ ಅನುಮಾನ.

ಆತನನ್ನು ಮನಸ್ಸಿನಲ್ಲಿ ನಾನು ಗೌಡ್ರು ಅಂತ ಕರೆಯುತ್ತೇನೆ. ನಿಜ ಹೆಸರು ಇಲ್ಲಿ ಬೇಡ. 1975ರಲ್ಲಿ ತೈಲದ ಪೈಪ್‌ಲೈನ್ ಕೆಲಸಕ್ಕೆ ಅಂತ ಹತ್ತೊಂಬತ್ತರ ಹುಡುಗನಾಗಿ ಬಂದು ಇಲ್ಲೇ ಉಳಿದವರು. ನಮ್ಮೂರ ಕಡೆ ಶಿಕಾರಿಗೆ ಒಬ್ಬ ಯಜಮಾನ ಇರುತ್ತಿದ್ದನಲ್ಲ, ಯಾರು ಎಲ್ಲಿ ನಿಲ್ಲಬೇಕು ಅಂತ ಕಡ್ಡಿಯಲ್ಲಿ ನೆಲದ ಮೇಲೆ ಗೀಚಿ ತೋರಿಸುವವನು, ಅದೇ ಗತ್ತು. ಮಾತು ಕಡಿಮೆ. ಕಡ್ಡಿಯ ಬದಲು ಪೆನ್ಸಿಲ್.

ನಾವು ಹೋಗುವುದು ಫಾರ್ಟಿಮೈಲ್ ಹಿಂಡಿನ ಬೇಟೆಗೆ. ಅಲಾಸ್ಕಾದ ಪೂರ್ವಕ್ಕೂ ಕೆನಡಾದ ಯೂಕಾನ್‌ಗೂ ನಡುವೆ ಓಡಾಡುವ ಹಿಂಡು ಇದು. ಇದರ ಕಥೆ ಕೇಳಿದರೆ ತಲೆ ತಿರುಗುತ್ತದೆ. 1920ರಲ್ಲಿ ಓಲಸ್ ಮ್ಯೂರಿ ಎಂಬ ಜೀವವಿಜ್ಞಾನಿ ಲೆಕ್ಕ ಹಾಕಿದಾಗ ಐದು ಲಕ್ಷಕ್ಕೂ ಜಾಸ್ತಿ ಇದ್ದವಂತೆ. ಹಿಂಡು ಈಜಿ ದಾಟುವವರೆಗೆ ಯೂಕಾನ್ ನದಿಯಲ್ಲಿ ಹಬೆ ಹಡಗುಗಳು ಕಾದು ನಿಲ್ಲಬೇಕಿತ್ತು ಅಂತ ಹಳಬರು ಹೇಳುತ್ತಾರೆ. 1970ರ ದಶಕದ ಮಧ್ಯಕ್ಕೆ ಬಂದಾಗ ಉಳಿದದ್ದು ಆರು ಸಾವಿರದ ಆಸುಪಾಸು. ಅತಿ ಬೇಟೆ, ತೋಳ, ಕೆಟ್ಟ ಚಳಿಗಾಲ ಎಲ್ಲವೂ ಸೇರಿ. 1990ರ ದಶಕದಲ್ಲಿ ಬೇಟೆಗಾರರು, ಮೂಲನಿವಾಸಿಗಳು, ಸರ್ಕಾರದವರು ಎಲ್ಲ ಒಟ್ಟಿಗೆ ಕೂತು ಒಂದು ಯೋಜನೆ ಮಾಡಿದರು. ಬೇಟೆಯನ್ನು ವರ್ಷಕ್ಕೆ 150 ಪ್ರಾಣಿಗೆ ಇಳಿಸಿದರು. ಕೆಲವು ತೋಳಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿದರು, ಕೆಲವನ್ನು ಹಿಡಿದು ಬೇರೆ ಕಡೆ ಬಿಟ್ಟರು. 2017ರ ಹೊತ್ತಿಗೆ ಹಿಂಡು 84,000ದ ಹತ್ತಿರ ಬೆಳೆಯಿತು. ಆಗ ಇನ್ನೊಂದು ಸಮಸ್ಯೆ. ಮೇವು ಸಾಲದೆ ಪ್ರಾಣಿಗಳು ಸೊರಗಿದವು. ಮತ್ತೆ ಕೆಲವೇ ವರ್ಷಗಳಲ್ಲಿ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು.

ಚಳಿಗಾಲದಲ್ಲಿ ಅವುಗಳ ಮುಖ್ಯ ಮೇವು ಕಲ್ಲುಹೂವಿನ ಜಾತಿಯದ್ದು. ಹೌದು, ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದೂರದ ನೆಂಟ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಒಮ್ಮೆ ಕಾಡ್ಗಿಚ್ಚು ಬಿದ್ದು ಸುಟ್ಟರೆ ಮತ್ತೆ ಮೇಯುವಷ್ಟು ಆಗಲು ದಶಕಗಳು ಬೇಕು. ಹಿಮದ ಕೆಳಗಿರುವ ಅದನ್ನು ವಾಸನೆಯಲ್ಲೇ ಹುಡುಕಿ, ಮುಂಗಾಲಿನಿಂದ ಗುಂಡಿ ತೋಡಿ ತಿನ್ನುತ್ತವೆ. ಕ್ಯಾರಿಬೂ ಅನ್ನುವ ಹೆಸರೇ ಪೂರ್ವ ಕೆನಡಾದ ಮಿಕ್‌ಮಾ ಜನರ ಭಾಷೆಯಿಂದ ಬಂದದ್ದು. ಹಿಮ ಕೆರೆಯುವವನು ಅಂತ ಅರ್ಥ.

ಹೀಗೆ ಏರಿ ಇಳಿಯುವ ಹಿಂಡಾದ್ದರಿಂದ ಬೇಟೆಯ ಲೆಕ್ಕ ಬಿಗಿ. ನಮ್ಮ ಚಳಿಗಾಲದ ಪರ್ಮಿಟ್‌ಗೆ ಆರ್‌ಸಿ 867 ಅಂತ ಹೆಸರು. ದುಡ್ಡಿನ ಮಟ್ಟಿಗೆ ಏನೂ ಅಲ್ಲ. ಇಲ್ಲೇ ನೆಲೆಸಿ ಹನ್ನೆರಡು ತಿಂಗಳು ದಾಟಿದವರಿಗೆ ಬೇಟೆಯ ಲೈಸೆನ್ಸ್ 45 ಡಾಲರ್, ಕ್ಯಾರಿಬೂಗೆ ಬೇರೆ ಶುಲ್ಕವಿಲ್ಲ. ಹೊರಗಿನ ರಾಜ್ಯದವರಾದರೆ ಲೈಸೆನ್ಸ್ ಜೊತೆಗೆ ಕ್ಯಾರಿಬೂ ಟ್ಯಾಗ್ ಒಂದಕ್ಕೇ 650 ಡಾಲರ್. ಆದರೆ ಕೋಟಾ ಅಂತ ಒಂದಿದೆ. ಇಷ್ಟು ಪ್ರಾಣಿ ಬಿತ್ತು ಅಂತ ಲೆಕ್ಕ ಸಿಕ್ಕ ತಕ್ಷಣ ಫಿಶ್ ಅಂಡ್ ಗೇಮ್ ಇಲಾಖೆ ಒಂದು ಆದೇಶ ಹೊರಡಿಸಿ ಬೇಟೆ ಮುಚ್ಚುತ್ತದೆ. ಕಾಗದದ ಮೇಲೆ ಮಾರ್ಚ್ ಕೊನೆಯವರೆಗೆ ಅಂತ ಇದ್ದರೂ ನಂಬುವ ಹಾಗಿಲ್ಲ. ಹೊರಡುವ ಹಿಂದಿನ ರಾತ್ರಿ ಹಾಟ್‌ಲೈನ್‌ಗೆ ಫೋನ್ ಮಾಡಿ ರೆಕಾರ್ಡಿಂಗ್ ಕೇಳಬೇಕು.

ಮೊದಲ ವರ್ಷ ನಾನು ತಯಾರಿ ಮಾಡಿದ್ದು ಹೇಗೆ ಅಂತ ನೆನೆಸಿಕೊಂಡರೆ ನಗು ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ದೊಡ್ಡ ಪಟ್ಟಿ. ಎಂಬತ್ತೇಳು ಸಾಮಾನು, ಬಣ್ಣ ಬಣ್ಣದ ಕಾಲಂ, ಯಾವುದು ಯಾವ ಚೀಲದಲ್ಲಿ ಅಂತ. ಆಫೀಸಿನ ಚಟ. ಅದನ್ನು ಪ್ರಿಂಟ್ ಮಾಡಿ ಗೌಡ್ರ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಪೂರ್ತಿ ಓದಿದರು. ಎರಡು ಸಾಮಾನು ಹೊಡೆದುಹಾಕಿದರು, ಒಂದು ಸೇರಿಸಿದರು. "ಇದು ಹೋಗುವ ಪಟ್ಟಿ. ಬರುವ ಪಟ್ಟಿ ಎಲ್ಲಿ?" ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ರಟ್ಟಿನ ಡಬ್ಬಿಯೊಂದರ ಮುಚ್ಚಳ ಹರಿದು, ಹಿಂಭಾಗದಲ್ಲಿ ಪೆನ್ಸಿಲಿನಿಂದ ಐದಾರು ಸಾಲು ಬರೆದರು. ಒಂದೊಂದೂ "ಹೀಗಾದರೆ ವಾಪಸು" ಅಂತ. ಟ್ರಕ್ ನಿಲ್ಲಿಸುವ ಜಾಗದಲ್ಲಿ ಮೈನಸ್ 32 ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಸಾಮಾನು ಇಳಿಸುವುದೇ ಇಲ್ಲ, ವಾಪಸು. ಗುಡ್ಡದ ನೆತ್ತಿಯ ಮೇಲೆ ಗಾಳಿಗೆ ಹಿಮ ಹರಿದಾಡುವುದು ಕಂಡರೆ ವಾಪಸು. ಇಬ್ಬರಲ್ಲಿ ಯಾರ ಕಾಲು ಒದ್ದೆಯಾದರೂ ಇಬ್ಬರೂ ವಾಪಸು. ಹಿಮದ ಮೇಲೆ ಓಡಿಸುವ ಗಾಡಿಗಳಲ್ಲಿ ಒಂದು ತಂಟೆ ಮಾಡಿದರೆ ಎರಡೂ ವಾಪಸು. ಗಾಡಿಯ ಹಿಂದೆ ಎಳೆಯುವ ಜಾರುಬಂಡಿ, ಅಂದರೆ ಸ್ಲೆಡ್, ತಲುಪದ ಜಾಗದಲ್ಲಿ ನಿಂತ ಪ್ರಾಣಿಗೆ ಗುಂಡಿಲ್ಲ. ಮಧ್ಯಾಹ್ನ ಒಂದು ಗಂಟೆಯ ಮೇಲೆ ಯಾವ ಪ್ರಾಣಿಗೂ ಗುಂಡಿಲ್ಲ.

"ಅಲ್ಲಿ ನಿಂತು ಯೋಚಿಸೋಕೆ ಆಗಲ್ಲ. ಚಳಿಗೆ ಮೊದಲು ಹೆಪ್ಪುಗಟ್ಟುವುದು ಬುದ್ಧಿ. ಅದಕ್ಕೇ ಇಲ್ಲಿ, ಹೀಟರ್ ಪಕ್ಕ ಕೂತು ಯೋಚಿಸಿ ಮುಗಿಸಬೇಕು." ಅಷ್ಟು ಹೇಳಿ ಚೀಟಿಯನ್ನು ನನ್ನ ಪಾರ್ಕಾ ಕೋಟಿನ ಜೇಬಿಗೆ ತುರುಕಿದರು. ಅವರ ಬಾಯಲ್ಲಿ ಅದು ದೊಡ್ಡ ಭಾಷಣವೇ.

ಮೈನಸ್ 30 ಅಂದರೆ ಏನು ಅಂತ ಬರಹದಲ್ಲಿ ಹೇಳುವುದು ಕಷ್ಟ. ಫೇರ್‌ಬ್ಯಾಂಕ್ಸ್‌ನಲ್ಲಿ ಶಾಲೆಯ ಮಕ್ಕಳನ್ನು ಮೈನಸ್ 29ರವರೆಗೆ ಆಟಕ್ಕೆ ಹೊರಗೆ ಬಿಡುತ್ತಾರೆ. ಇಲ್ಲಿಯ ಲೆಕ್ಕದಲ್ಲಿ ಅದು ಮೈನಸ್ 20 ಫ್ಯಾರನ್‌ಹೀಟ್. ಮೈನಸ್ 40ಕ್ಕೆ ಬಂದರೆ ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ ಒಂದೇ, ಜಗಳವೇ ಇಲ್ಲ. ಊರಿನಲ್ಲಿ ಆ ಚಳಿ ಕಾರಿನ ಪ್ಲಗ್ ಹಾಕುವ ವಿಷಯ ಮಾತ್ರ. ಎಂಜಿನ್ ಬೆಚ್ಚಗಿಡಲು ಒಂದು ಹೀಟರ್ ಇರುತ್ತದೆ, ಅದರ ವೈರು ಬಾನೆಟ್ಟಿನ ಮುಂದೆ ನಾಲಿಗೆಯ ಹಾಗೆ ನೇತಾಡುತ್ತಿರುತ್ತದೆ. ಆಫೀಸಿನ ಪಾರ್ಕಿಂಗ್‌ನಲ್ಲೂ ಪ್ಲಗ್ ಪಾಯಿಂಟ್‌ಗಳಿವೆ. ಊರು ದಾಟಿ, ಬೇಟೆಯ ಕಡೆ ಹೋಗುವ ಸ್ಟೀಸ್ ಹೆದ್ದಾರಿ ಹತ್ತಿದ ಮೇಲೆ ಪ್ಲಗ್ ಇಲ್ಲ.

ಅಲ್ಲಿ ಪ್ರತಿಯೊಂದು ವಸ್ತುವಿನ ಗುಣ ಬದಲಾಗುತ್ತದೆ. ಅದನ್ನು ಕಲಿಯಲು ನನಗೆ ಮೂರು ಚಳಿಗಾಲ ಬೇಕಾಯಿತು. ರೈಫಲ್‌ಗೆ ಎಣ್ಣೆ ಹಾಕಿ ಇಡಬೇಕು ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಎಣ್ಣೆ ತೆಗೆಯಬೇಕು. ಬೋಲ್ಟ್ ಬಿಚ್ಚಿ, ಒಳಗಿನ ಎಣ್ಣೆ ಪೂರ್ತಿ ತೊಳೆದು ಒಣಗಿಸಬೇಕು. ಇಲ್ಲದಿದ್ದರೆ ಅದು ಹಲಸಿನ ಮೇಣದ ಹಾಗೆ ಗಟ್ಟಿಯಾಗಿ, ಟ್ರಿಗರ್ ಎಳೆದರೆ ಟಿಕ್ ಅನ್ನುತ್ತದೆ, ಢಂ ಅನ್ನುವುದಿಲ್ಲ. ಬೆಚ್ಚಗಿನ ಡೇರೆಯೊಳಗೆ ರೈಫಲ್ ತಂದರೆ ಅದು ಬೆವರುತ್ತದೆ, ಮತ್ತೆ ಹೊರಗೆ ಒಯ್ದರೆ ಆ ನೀರು ಒಳಗೇ ಮಂಜುಗಡ್ಡೆ. ಹಾಗಾಗಿ ರಾತ್ರಿ ಅದು ಹೊರಗೇ ಮಲಗಬೇಕು. ನಳಿಗೆಯ ಬಾಯಿಗೆ ಹಿಮ ಹೋಗದಂತೆ ಟೇಪ್ ಅಂಟಿಸುತ್ತೇವೆ. ಗುರಿ ನೋಡುವ ಸ್ಕೋಪಿನ ಮೇಲೆ ಉಸಿರು ಬಿಟ್ಟರೆ ಮುಗಿಯಿತು, ಕುರುಡು.

ಒಲೆಗೆ ಗ್ಯಾಸ್ ನಡೆಯುವುದಿಲ್ಲ. ಪ್ರೊಪೇನ್ ಮೈನಸ್ 42ರಲ್ಲಿ ಕುದಿಯುವ ವಸ್ತು. ಅದರ ಹತ್ತಿರ ಹತ್ತಿರ ಚಳಿ ಹೋದರೆ ಸಿಲಿಂಡರಿನಿಂದ ಹೊರಗೇ ಬರುವುದಿಲ್ಲ. ಬ್ಯುಟೇನ್ ಅಂತೂ ಸೊನ್ನೆಯ ಹತ್ತಿರವೇ ಕೈಕೊಡುತ್ತದೆ. ಪಂಪ್ ಹೊಡೆಯುವ ಪೆಟ್ರೋಲ್ ಒಲೆಯೇ ಗತಿ. ಆದರೆ ಆ ಪೆಟ್ರೋಲು ಎಷ್ಟು ಚಳಿಯಲ್ಲೂ ನೀರಿನ ಹಾಗೇ ಇರುತ್ತದೆ. ಮೈನಸ್ 35ರ ಪೆಟ್ರೋಲು ಬರಿಗೈ ಮೇಲೆ ಚೆಲ್ಲಿದರೆ ಅಲ್ಲೇ ಚರ್ಮ ಸತ್ತ ಹಾಗೆ. ನೀರಿನ ಬಾಟಲಿ ತಲೆಕೆಳಗಾಗಿ ಇಡಬೇಕು. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದೆ, ಮುಚ್ಚಳ ಕೆಳಗಿದ್ದರೆ ಮಾತ್ರ ಕುಡಿಯಲು ಬಾಯಿ ಉಳಿಯುತ್ತದೆ.

ಬೂಟಿನ ವಿಷಯ ಹೇಳಲೇಬೇಕು. ಇಲ್ಲಿ ಬನ್ನಿ ಬೂಟ್ ಅಂತಾರೆ. ಕೊರಿಯಾ ಯುದ್ಧದಲ್ಲಿ ಸೈನಿಕರ ಕಾಲು ಹಾಳಾದ ಅನುಭವದಿಂದ ಹುಟ್ಟಿದ ಸೇನೆಯ ಬೂಟುಗಳು. ಎರಡು ಪದರ ರಬ್ಬರ್, ನಡುವೆ ಗಾಳಿ ತುಂಬಿದ ಉಣ್ಣೆ. ನೋಡಲು ಬಿಳಿ ಆನೆಯ ಪಾದ. ಪಕ್ಕದಲ್ಲಿ ಒಂದು ಪುಟ್ಟ ವಾಲ್ವ್ ಇದೆ. ವಿಮಾನ ಹತ್ತುವಾಗ ಅದನ್ನು ತೆಗೆಯದಿದ್ದರೆ ಬೂಟು ಪೂರಿಯ ಹಾಗೆ ಉಬ್ಬುತ್ತದೆ. ಒಳಗೆ ಕಾಲು ಬೆವರಿ ಪಿಚಪಿಚ ಅನ್ನುತ್ತದೆ, ಆದರೂ ಬೆಚ್ಚಗಿರುತ್ತದೆ. ನನ್ನದು ಹಳೆ ಸಾಮಾನಿನ ಮಾರಾಟದಲ್ಲಿ ಸಿಕ್ಕಿದ್ದು. ಕಾಲಿಗೆ ಮಾತ್ರ ಬೆವರಿನ ವಿನಾಯಿತಿ. ಮೈ ಬೆವರಬಾರದು. ಬೆವರಿದರೆ ನಿಂತ ಕೂಡಲೇ ಅದೇ ನಿಮ್ಮನ್ನು ಕೊಲ್ಲುವ ನೀರು. ಹಾಗಾಗಿ ಎಲ್ಲ ಕೆಲಸವೂ ನಿಧಾನ. ಒಂದು ಗಂಟು ಬಿಚ್ಚುವುದಕ್ಕೂ ಹೊತ್ತು ಹಿಡಿಯುತ್ತದೆ.

ಊಟದ ಇಲಾಖೆ ನನ್ನದು. ಇಲ್ಲಿ ಮಾತ್ರ ಗೌಡ್ರು ನನ್ನ ಮಾತು ಕೇಳುತ್ತಾರೆ. ಬಿಸಿಬೇಳೆ ಬಾತ್ ಮಾಡಿ, ಜಿಪ್ ಚೀಲದಲ್ಲಿ ತೆಳ್ಳಗೆ ಹರಡಿ, ಹಿಂದಿನ ದಿನವೇ ಮನೆಯ ಹೊರಗಿನ ಕಟ್ಟೆಯ ಮೇಲೆ ಇಟ್ಟರೆ ಸ್ಲೇಟಿನ ಹಾಗೆ ಗಟ್ಟಿಯಾಗುತ್ತದೆ. ಡೇರೆಯಲ್ಲಿ ಕುದಿಯುವ ನೀರಿಗೆ ಹಾಕಿದರೆ ಹತ್ತು ನಿಮಿಷ. ಜೊತೆಗೆ ಅಂಟಿನುಂಡೆ. ಬಾಣಂತಿಯರಿಗೆ ಅಂತ ಮಾಡುವ ಕೊಬ್ಬರಿ, ತುಪ್ಪ, ಬೆಲ್ಲದ ಉಂಡೆ ಈ ಚಳಿಗೆ ಹೇಳಿ ಮಾಡಿಸಿದ್ದು. ಒಂದೇ ತೊಂದರೆ, ಹಲ್ಲು ಮುರಿಯುವಷ್ಟು ಕಲ್ಲಾಗುತ್ತದೆ. ಒಳಗಿನ ಜೇಬಿನಲ್ಲಿ, ಎದೆಯ ಹತ್ತಿರ ಇಟ್ಟುಕೊಳ್ಳಬೇಕು. ಬಾಣಂತಿ ಲಾಡು ಅಂತ ಗೌಡ್ರಿಗೆ ಇನ್ನೂ ಹೇಳಿಲ್ಲ.

ಇಷ್ಟೆಲ್ಲ ತಯಾರಿ ನೋಡಿದಾಗ ನನಗೆ ಅಜ್ಜ ನೆನಪಾಗುತ್ತಾರೆ. ಮೂಡಿಗೆರೆಯ ಹತ್ತಿರದ ನಮ್ಮ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಮಂಗ ಓಡಿಸಲು ಸದ್ದು ಮಾಡುವ ಸಾಮಾನು ಆಗಿತ್ತು. ಎಲೆಕ್ಷನ್ ಬಂದರೆ ಸ್ಟೇಷನ್ನಿಗೆ ಹೋಗಿ ಒಪ್ಪಿಸಿ ಬರುತ್ತಿದ್ದರು, ಮುಗಿದ ಮೇಲೆ ತರುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತ್ತು, ಕಥೆಗಳು ನಿಂತಿರಲಿಲ್ಲ. ಆ ಕಥೆಗಳಲ್ಲಿ ಕೋವಿಗಿಂತ ಪಾಲಿನ ಮಾತೇ ಜಾಸ್ತಿ. ಈಡು ಹೊಡೆದವನಿಗೆ ಎಷ್ಟು, ಹಳು ನುಗ್ಗಿದವರಿಗೆ ಎಷ್ಟು, ನಾಯಿಗೆ ಎಷ್ಟು. ತಯಾರಿಯ ಮಾತು ಒಂದು ದಿನವೂ ಬಂದದ್ದಿಲ್ಲ. ಬೆಳಿಗ್ಗೆ ಗಂಜಿ ಕುಡಿದು ಹೊರಟರೆ ಆಯಿತು. ಕತ್ತಲಾದರೆ ಯಾವುದಾದರೂ ತೋಟದ ಮನೆಯ ದೀಪ ಕಾಣುತ್ತದೆ. ಹೆಚ್ಚೆಂದರೆ ಜಿಗಣೆ, ಮಳೆ, ಮನೆಗೆ ಬಂದ ಮೇಲೆ ಅಜ್ಜಿಯ ಬೈಗುಳ.

ಇಲ್ಲಿ ದೀಪ ಇಲ್ಲ. ಸ್ಟೀಸ್ ಹೆದ್ದಾರಿ ಫೇರ್‌ಬ್ಯಾಂಕ್ಸ್‌ನಿಂದ ಯೂಕಾನ್ ದಂಡೆಯ ಸರ್ಕಲ್ ಎಂಬ ಹಳ್ಳಿಯವರೆಗೆ 161 ಮೈಲಿ. ಅರ್ಧ ದಾರಿಗೆ ಡಾಂಬರು ಮುಗಿಯುತ್ತದೆ. ಆಮೇಲೆ ಟ್ವೆಲ್ವ್‌ಮೈಲ್ ಸಮಿಟ್, ಅದರಾಚೆ ಈಗಲ್ ಸಮಿಟ್ ಅಂತ ಎರಡು ಬೋಳು ಗುಡ್ಡದ ನೆತ್ತಿಗಳು ಬರುತ್ತವೆ. ಮರ ಇಲ್ಲ, ಗಾಳಿಗೆ ಅಡ್ಡ ಇಲ್ಲ. 2006ರಲ್ಲಿ ಯೂಕಾನ್ ಕ್ವೆಸ್ಟ್ ಎಂಬ ನಾಯಿಬಂಡಿ ಓಟದವರು ಈಗಲ್ ಸಮಿಟ್‌ನಲ್ಲಿ ಬಿರುಗಾಳಿಗೆ ಸಿಕ್ಕಿಕೊಂಡು, ಕೆಲವರನ್ನು ನಾಯಿಗಳ ಸಮೇತ ಹೆಲಿಕಾಪ್ಟರ್‌ನಲ್ಲಿ ಕೆಳಗೆ ತರಬೇಕಾಯಿತು. ಚಳಿಯಲ್ಲಿ ಬದುಕುವುದೇ ಕಸುಬಾದವರು ಅವರು. ಚೀಟಿಯ ಗಾಳಿಯ ಸಾಲು ಅಲ್ಲಿಂದ ಬಂದದ್ದು.

ಒದ್ದೆ ಕಾಲಿನ ಸಾಲಿಗೂ ಕಾರಣ ಇದೆ. ಮೈನಸ್ 35ರಲ್ಲಿ ನೀರು ಎಲ್ಲಿಂದ ಬರಬೇಕು ಅಂತ ನಾನೂ ನಕ್ಕಿದ್ದೆ. ಹಳ್ಳ ತಳದವರೆಗೂ ಹೆಪ್ಪುಗಟ್ಟಿದಾಗ, ಮೇಲಿನಿಂದ ಬರುವ ನೀರಿಗೆ ದಾರಿ ಸಿಗದೆ ಮಂಜುಗಡ್ಡೆ ಸೀಳಿ ಮೇಲೆ ಹರಿಯುತ್ತದೆ. ಅದರ ಮೇಲೆ ಹಿಮದ ಹೊದಿಕೆ. ಇಲ್ಲಿಯವರು ಓವರ್‌ಫ್ಲೋ ಅಂತಾರೆ. ನೋಡಲು ಬಿಳಿ ಬಯಲು, ಕಾಲಿಟ್ಟರೆ ಮೊಣಕಾಲುದ್ದ ಕೆಸರಿನಂಥ ನೀರು. ನಮ್ಮ ಹಿಮದ ಗಾಡಿ, ಸ್ನೋಮಷೀನ್, ಅದರಲ್ಲಿ ಹೂತು ನಿಂತರೆ ಹತ್ತೇ ನಿಮಿಷದಲ್ಲಿ ಸಿಮೆಂಟು ಹಾಕಿದ ಹಾಗೆ. ಅಂದ ಹಾಗೆ, ಅಲಾಸ್ಕಾದಲ್ಲಿ ಸ್ನೋಮಷೀನ್ ಅನ್ನಬೇಕು. ಸ್ನೋಮೊಬೈಲ್ ಅಂದರೆ ಹೊರಗಿನವ ಅಂತ ಗೊತ್ತಾಗಿಬಿಡುತ್ತದೆ.

ಒಂದು ಗಂಟೆಯ ಸಾಲು ಮಾತ್ರ ನನಗೆ ಜೀರ್ಣವಾಗಿರಲಿಲ್ಲ.

ಎರಡು ವರ್ಷದ ಹಿಂದೆ, ಜನವರಿ ಕೊನೆಯ ವಾರ. ದಿನಕ್ಕೆ ಬೆಳಕು ಆರು ಗಂಟೆ ಚಿಲ್ಲರೆ. ಬೆಳಗಿನ ಜಾವ ಹೊರಟು, ಟ್ರಕ್ ನಿಲ್ಲಿಸಿ, ಥರ್ಮಾಮೀಟರ್ ನೋಡಿದೆವು. ಮೈನಸ್ 24. ಫೇರ್‌ಬ್ಯಾಂಕ್ಸ್‌ನಲ್ಲಿ ಅವತ್ತು ಮೈನಸ್ 37 ಇತ್ತು. ಇಲ್ಲಿ ಚಳಿ ಭಾರವಾದ ವಸ್ತು, ಕಣಿವೆಯ ತಳಕ್ಕೆ ಇಳಿದು ಕೂರುತ್ತದೆ. ಗುಡ್ಡ ಹತ್ತಿದಷ್ಟೂ ಬೆಚ್ಚಗೆ. ಗಾಳಿ ಇರಲಿಲ್ಲ. ಚೀಟಿಯ ಪ್ರಕಾರ ಎಲ್ಲವೂ ಸರಿ. ಹತ್ತು ಗಂಟೆಗೆ ಸೂರ್ಯ ಬಂದ. ಬಂದ ಅಂತ ಹೇಳಬೇಕಷ್ಟೇ, ದಿಗಂತದ ಮೇಲೆ ಮೊಣಕೈ ಊರಿಕೊಂಡು ನಿಂತ.

ಮೂರು ಗಂಟೆ ಹುಡುಕಿದೆವು. ಹಿಮ ಕೆರೆದ ಗುಂಡಿಗಳು ಕಂಡವು, ಹಿಕ್ಕೆ ಕಂಡಿತು. ಪ್ರಾಣಿ ಇಲ್ಲ. ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗುವುದು ಅಪರಾಧ, ಹಾಗಾಗಿ ಒಂದು ಏಣಿನ ಕೆಳಗೆ ಗಾಡಿ ಬಿಟ್ಟು ನಡೆದೆವು. ಮೇಲೆ ತಲೆ ಎತ್ತಿದಾಗ ಐದು ಕ್ಯಾರಿಬೂ. ಇನ್ನೂರೈವತ್ತು ಗಜ ಇರಬಹುದು. ನಾಲ್ಕಕ್ಕೆ ಕೊಂಬಿತ್ತು, ಒಂದಕ್ಕೆ ಇರಲಿಲ್ಲ. ಚಳಿಗಾಲದಲ್ಲಿ ಇದು ಉಲ್ಟಾ. ದೊಡ್ಡ ಗಂಡುಗಳು ಬೆದೆಯ ಕಾಲ ಮುಗಿದ ಮೇಲೆ ಕೊಂಬು ಉದುರಿಸುತ್ತವೆ, ಗಬ್ಬದ ಹೆಣ್ಣುಗಳು ಮರಿ ಹಾಕುವವರೆಗೆ ಉಳಿಸಿಕೊಳ್ಳುತ್ತವೆ. ಮೇವಿನ ಗುಂಡಿಗೆ ಜಗಳ ಬಂದರೆ ಕೊಂಬಿದ್ದವಳದ್ದೇ ಗೆಲುವು. ಕೊಂಬಿಲ್ಲದ ಆ ದೊಡ್ಡ ಮೈಯವನೇ ಗಂಡು. ಅಡ್ಡಲಾಗಿ ನಿಂತಿದ್ದ. ನಾನು ಮಲಗಿ, ಉಸಿರು ಹಿಡಿದು, ಸ್ಕೋಪಿನಲ್ಲಿ ಅವನ ಭುಜದ ಹಿಂದೆ ಕಣ್ಣಿಟ್ಟೆ.

ಗೌಡ್ರು ಗಡಿಯಾರ ನೋಡಿದರು. 1:40. ಏನೂ ಹೇಳಲಿಲ್ಲ. ತಮ್ಮ ರೈಫಲ್ಲಿನ ಸ್ಕೋಪಿಗೆ ಮುಚ್ಚಳ ಹಾಕಿದರು. ಆ ಸಣ್ಣ ಟಪ್ ಸದ್ದು ಇನ್ನೂ ಕಿವಿಯಲ್ಲಿದೆ.

ಬರೇ ನಲವತ್ತು ನಿಮಿಷ ಅಂತ ನಾನು ಪಿಸುಗುಟ್ಟಿದೆ. ಅವರು ಇಳಿಯಲು ಶುರು ಮಾಡಿದ್ದರು. ಕ್ಯಾರಿಬೂ ನಡೆಯುವಾಗ ಕಾಲಿನ ಸ್ನಾಯುರಜ್ಜು ಎಲುಬಿನ ಮೇಲೆ ಜಾರಿ ಟಿಕ್ ಟಿಕ್ ಅನ್ನುತ್ತದೆ ಅಂತ ಓದಿದ್ದೆ. ಗಾಳಿ ಇಲ್ಲದ ಆ ಗುಡ್ಡದಲ್ಲಿ ಅದು ಕೇಳುತ್ತದೇನೋ ಅಂತ ಸ್ವಲ್ಪ ಹೊತ್ತು ಮಲಗೇ ಇದ್ದೆ. ಅಷ್ಟು ದೂರಕ್ಕೆ ಕೇಳಲಿಲ್ಲ.

ಇಂಥ ಕಥೆಗಳಲ್ಲಿ ವಾಪಸು ಬರುವಾಗ ಏನಾದರೂ ಆಗಬೇಕು, ಅಲ್ವಾ? ಬಿರುಗಾಳಿ ಏಳಬೇಕು, ಗಾಡಿ ಕೆಡಬೇಕು, "ಗುಂಡು ಹೊಡೆಯದೆ ಹೊರಟದ್ದು ಎಷ್ಟು ಒಳ್ಳೆಯದಾಯಿತು" ಅಂತ ಎದೆ ಹಿಡಿದುಕೊಳ್ಳಬೇಕು. ಏನೂ ಆಗಲಿಲ್ಲ. ಗಾಡಿ ಒಂದೇ ಎಳೆತಕ್ಕೆ ಶುರುವಾಯಿತು. ಬಂದ ಜಾಡಿನಲ್ಲೇ ಆರಾಮಾಗಿ ಇಳಿದೆವು. ಮೂರೂವರೆಗೆ ಟ್ರಕ್ಕಿನ ಹತ್ತಿರ ಇದ್ದೆವು, ಇನ್ನೂ ಬೆಳಕಿತ್ತು. ಥರ್ಮಾಸಿನ ಕಾಫಿ ಕೂಡ ಬಿಸಿ ಇತ್ತು. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಫೇರ್‌ಬ್ಯಾಂಕ್ಸ್‌ವರೆಗೆ ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ಕೋಟಾ ಮುಗಿದು ಬೇಟೆ ಮುಚ್ಚಿತು. ಅದು ಗೊತ್ತಾದ ದಿನ ಅವರಿಗೆ ಸಾರಿನ ಡಬ್ಬಿ ಕಳಿಸಲಿಲ್ಲ. ಕೋಳಿ ಸಾರೇ ಆದರೂ ಕಳಿಸಲಿಲ್ಲ.

ಮಾರನೆ ವರ್ಷ ನಮಗೆ ಒಂದು ಸಿಕ್ಕಿತು. ಬೆಳಿಗ್ಗೆ 11:20ಕ್ಕೆ, ಮೈನಸ್ 27ರಲ್ಲಿ. ಹೊಡೆದದ್ದು ಗೌಡ್ರು, ಒಂದೇ ಈಡು. ನಾನು ಗಡಿಯಾರ ನೋಡಿದೆ.

ಇಬ್ಬರು ಬಿಡುವಿಲ್ಲದೆ ದುಡಿದರೂ ಎರಡು ಗಂಟೆ ನಲವತ್ತು ನಿಮಿಷ ಬೇಕಾಯಿತು. ಚಳಿಯಲ್ಲಿ ಮಾಂಸ ಕೆಡುವುದಿಲ್ಲ ಅಂತ ನೀವು ಅಂದುಕೊಂಡಿರಬಹುದು, ನಾನೂ ಅಂದುಕೊಂಡಿದ್ದೆ. ಕ್ಯಾರಿಬೂ ಕೂದಲು ಒಳಗೆ ಟೊಳ್ಳು, ಕಂಬಳಿಗಿಂತ ಬೆಚ್ಚಗೆ. ಚರ್ಮ ಬಿಡಿಸದೆ ಬಿಟ್ಟರೆ ಹೊರಗೆ ಮೈನಸ್ 27 ಇದ್ದರೂ ಒಳಗೆ ಎಲುಬಿನ ಹತ್ತಿರ ಬಿಸಿ ಉಳಿದು ಹುಳಿ ನಾತ ಬರುತ್ತದೆ. ಬಿಡಿಸಿದರೆ ಇನ್ನೊಂದು ಕಡೆಯಿಂದ ಕಷ್ಟ. ತೊಡೆ ಕತ್ತರಿಸುವಷ್ಟರಲ್ಲಿ ಪಕ್ಕೆ ಕಟ್ಟಿಗೆಯಾಗುತ್ತದೆ. ಎಲ್ಲವನ್ನೂ ತರಲೇಬೇಕು. ಕತ್ತು, ಎದೆ, ಪಕ್ಕೆಲುಬಿನ ಮಾಂಸ, ಬೆನ್ನು, ನಾಲ್ಕು ಕಾಲು. ತಿನ್ನುವ ಮಾಂಸ ಕಾಡಿನಲ್ಲಿ ಬಿಟ್ಟು ಬಂದರೆ ಇಲ್ಲಿ ದೊಡ್ಡ ಅಪರಾಧ. ಕೊಂಬು ಮಾತ್ರ ತಂದವನನ್ನು ಕಾನೂನು ಬಿಟ್ಟರೂ ಊರು ಬಿಡುವುದಿಲ್ಲ.

ಚಾಕು ಹಿಡಿಯಲು ದಪ್ಪ ಗವಸು ತೆಗೆಯಬೇಕು. ತೆಳು ಗವಸಿನಲ್ಲಿ ಐದು ನಿಮಿಷಕ್ಕೆ ಬೆರಳು ನನ್ನದಲ್ಲ ಅನ್ನಿಸುತ್ತದೆ. ಆಗ ಗೌಡ್ರು ನನ್ನ ಎರಡೂ ಕೈ ಹಿಡಿದು ಪ್ರಾಣಿಯ ಹೊಟ್ಟೆಯೊಳಗೆ ಇಟ್ಟರು. ಅಲ್ಲಿ ಇನ್ನೂ ಬಿಸಿ ಇತ್ತು. ನಾನು ಎಷ್ಟೋ ಹೊತ್ತು ಹಾಗೇ ಮಂಡಿಯೂರಿ ಕೂತಿದ್ದೆ. ಹಬೆ ಮುಖಕ್ಕೆ ಬಂದು ರೆಪ್ಪೆಯ ಮೇಲೆ ಹೆಪ್ಪುಗಟ್ಟಿತು. ಏನನ್ನಿಸಿತು ಅಂತ ಬರೆಯಲು ನಾಲ್ಕು ಸಲ ಪ್ರಯತ್ನ ಮಾಡಿ ಅಳಿಸಿದ್ದೇನೆ. ಬೆರಳು ಬಂದವು, ಕೆಲಸ ಮುಂದುವರಿಸಿದೆ, ಅಷ್ಟು ಇರಲಿ.

ಸ್ಲೆಡ್ ಕಟ್ಟಿ ಹೊರಟಾಗ 2:05. ಟ್ರಕ್ ತಲುಪಿದಾಗ ಕತ್ತಲು. ದಾರಿಯಲ್ಲಿ ಲೆಕ್ಕ ಹಾಕುತ್ತಲೇ ಇದ್ದೆ. ಆ ಹಿಂದಿನ ವರ್ಷ 1:40ಕ್ಕೆ ಹೊಡೆದಿದ್ದರೆ, ಈ ಕೆಲಸ ಮುಗಿಯುವ ಹೊತ್ತಿಗೆ 4:20. ಟಾರ್ಚ್ ಬೆಳಕಿನಲ್ಲಿ ಏಣು ಇಳಿಯಬೇಕಿತ್ತು, ಹಿಂದೆ ಭಾರದ ಸ್ಲೆಡ್. ಬಹುಶಃ ಆಗಲೂ ಏನೂ ಆಗುತ್ತಿರಲಿಲ್ಲ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗುವುದಿಲ್ಲ.

ಈ ಬೇಟೆಯ ನಿಜವಾದ ತಯಾರಿ ನೋಡಬೇಕಾದರೆ ಇಲ್ಲಿಯ ಹಳೆಯ ಜನರ ಕೆಲಸ ನೋಡಬೇಕು. ಫಾರ್ಟಿಮೈಲ್ ಸೀಮೆಯ ಅಥಬಾಸ್ಕನ್ ಜನ ಕ್ಯಾರಿಬೂಗಾಗಿ ಮೈಲಿಗಟ್ಟಲೆ ಮರದ ಬೇಲಿ ಕಟ್ಟುತ್ತಿದ್ದರು. ಅಲ್ಲಲ್ಲಿ ಸಂದಿ ಬಿಟ್ಟು, ಸಂದಿಯಲ್ಲಿ ಉರುಳು. ಕೆಚಮ್‌ಸ್ಟಕ್ ಎಂಬಲ್ಲಿ ಅಂಥ ದೊಡ್ಡ ಬೇಲಿ ಇತ್ತು. ಹಿಂಡು ಯಾವ ಕಣಿವೆಯಲ್ಲಿ ಬರುತ್ತದೆ ಅಂತ ತಿಳಿದು, ಅದು ಬರುವ ಮೊದಲೇ ಕಟ್ಟಿ ಮುಗಿಸಬೇಕು. ಹಿಂಡು ಬೇರೆ ದಾರಿ ಹಿಡಿದರೆ ಆ ಚಳಿಗಾಲ ಉಪವಾಸ. ನನ್ನ ಎಂಬತ್ತೇಳು ಸಾಮಾನಿನ ಪಟ್ಟಿಗೆ ಅವರು ಏನು ಹೇಳುತ್ತಿದ್ದರೋ.

ಈ ಸಲ ನಾವು ಮಾರ್ಚ್ ಮೊದಲ ವಾರ ಇಟ್ಟುಕೊಂಡಿದ್ದೇವೆ. ನನ್ನದೇ ಹಟ. ಹತ್ತು ಗಂಟೆ ದಾಟಿದ ಬೆಳಕು, ದಿನಕ್ಕೆ ಆರೇಳು ನಿಮಿಷ ಇನ್ನೂ ಬೆಳೆಯುತ್ತಲೇ ಇರುತ್ತದೆ. ಬೇಟೆ ಅಷ್ಟರಲ್ಲಿ ಮುಚ್ಚಬಹುದು ಅನ್ನುವ ಭಯ ಇತ್ತು. ಈ ಸಂಜೆಯವರೆಗೆ ಹಾಟ್‌ಲೈನಿನ ಹೆಂಗಸು ತೆರೆದಿದೆ ಅಂತಲೇ ಹೇಳುತ್ತಿದ್ದಾಳೆ. ಗೌಡ್ರ ಒಂದು ಮೊಣಕಾಲು ಹೋದ ಬೇಸಿಗೆಯಲ್ಲಿ ರಿಪೇರಿಯಾಗಿದೆ. ಅದಕ್ಕೇ ಈ ಸಲ ಚೀಟಿ ನಾನು ಬರೆಯಬೇಕು ಅಂದರು.

ನಿನ್ನೆ ರಾತ್ರಿ ಗ್ಯಾರೇಜಿನಲ್ಲಿ ಕೂತು ಬರೆದೆ. ಹಳೆಯ ಸಾಲುಗಳನ್ನೇ ಇಳಿಸಿದೆ. ಒಂದು ಹೊಸದು ಸೇರಿಸಿದೆ. ಮೊಣಕಾಲು ನೋಯುತ್ತಿದೆ ಅಂತ ಬಾಯಿಬಿಟ್ಟು ಹೇಳಬೇಕು, ಹೇಳಿದರೆ ವಾಪಸು. ಅವರು ಓದಿ ಮೂಗಿನಲ್ಲಿ ನಕ್ಕರು, ಹೊಡೆದುಹಾಕಲಿಲ್ಲ. ನನ್ನ ಹೆಂಡತಿಯ ಸಾಲೂ ಒಂದಿದೆ. ರಾತ್ರಿ ಎಂಟಕ್ಕೆ ಉಪಗ್ರಹದ ಮೆಸೇಜು ಬರದಿದ್ದರೆ ಹತ್ತಕ್ಕೆ ಇಲ್ಲಿಯ ರಾಜ್ಯ ಪೊಲೀಸರಾದ ಸ್ಟೇಟ್ ಟ್ರೂಪರ್ಸ್‌ಗೆ ಫೋನ್. ಅದು ಚೀಟಿಯಲ್ಲಿಲ್ಲ, ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ.

ಕೊನೆಗೆ ಗುಂಡಿನ ಗಂಟೆ. ಮಾರ್ಚ್ ಬೆಳಕಿಗೆ ಮೂರು ಗಂಟೆ ಅಂತ ನಾನು ಬರೆದೆ. ಸೂರ್ಯ ಮುಳುಗುವುದು ಆರರ ಮೇಲೆ, ಲೆಕ್ಕ ಸರಿ ಇದೆ. ಗೌಡ್ರು ಪೆನ್ಸಿಲ್ ಇಸಕೊಂಡು, ಸ್ವಲ್ಪ ಹೊತ್ತು ತಮ್ಮ ಮೊಣಕಾಲನ್ನೇ ನೋಡಿ, ಮೂರು ಹೊಡೆದು ಎರಡೂವರೆ ಅಂತ ಬರೆದರು. ಅರ್ಧ ಗಂಟೆ ಯಾಕೆ ಅಂತ ನಾನು ಕೇಳಲಿಲ್ಲ.

ಬಿಸಿಬೇಳೆ ಬಾತ್ ಹೊರಗೆ ಕಟ್ಟೆಯ ಮೇಲಿದೆ. ಮೈನಸ್ 22. ಟ್ರಕ್ಕಿಗೆ ಪ್ಲಗ್ ಹಾಕಿ ಬಂದು ಮಲಗಬೇಕು, ನಾಲ್ಕಕ್ಕೆ ಅಲಾರಂ.